ಹನ್ನೊಂದು ಜಾಗ, ಒಂದು ಬಾಡಿಗೆ ಕಾರು

ಮಲೇಶಿಯಾದ ಲಂಕಾವಿ ದ್ವೀಪದಲ್ಲಿ ನೋಡಲೇಬೇಕಾದ ಜಾಗಗಳು ಹನ್ನೊಂದು ಇವೆಯಂತೆ. ಅವುಗಳಲ್ಲಿ ಬಹುಪಾಲಿನ ಬಗ್ಗೆ ದಯವಿಟ್ಟು ನನ್ನನ್ನು ಏನೂ ಕೇಳಬೇಡಿ. ಆ ಹನ್ನೊಂದನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಲು ನಮ್ಮ ಮನೆಯಲ್ಲಿ ನಡೆದ ಸಿದ್ಧತೆಯ ಬಗ್ಗೆ ಮಾತ್ರ ಎಷ್ಟು ಬೇಕಾದರೂ ಹೇಳಬಲ್ಲೆ. ಅಷ್ಟು ಸಿದ್ಧತೆಯಲ್ಲಿ ಎರಡು ಮದುವೆ ಮುಗಿಸಬಹುದಿತ್ತು.

ನಮ್ಮದು ವಡೋದರಾದ ಮಕರಪುರದಲ್ಲಿ ಒಂದು ಉಡುಪಿ ಹೋಟೆಲ್. ಸುತ್ತ ಕಾರ್ಖಾನೆಗಳು. ಮೊದಲ ಪಾಳಿಯವರು ಒಳಗೆ ಹೋಗುವ ಮೊದಲು ಇಡ್ಲಿ ಆಗಬೇಕು, ರಾತ್ರಿ ಪಾಳಿಯವರು ಹೊರಗೆ ಬರುವಾಗ ಚಹಾ ಆಗಬೇಕು. ಇಪ್ಪತ್ತೈದು ವರ್ಷಗಳಿಂದ ನನ್ನ ಗಂಡ ರಾಘವೇಂದ್ರರು ಗಲ್ಲಾ ಮತ್ತು ಅಡುಗೆಮನೆಯ ನಡುವೆ ಓಡಾಡಿದ್ದಾರೆ, ನಾನು ಅಡುಗೆಮನೆ ಮತ್ತು ಗಲ್ಲಾದ ನಡುವೆ ಓಡಾಡಿದ್ದೇನೆ. ದಾರಿಯಲ್ಲಿ ಎದುರಾದಾಗ ಮಾತನಾಡುತ್ತೇವೆ. ಹೆಚ್ಚಾಗಿ ತೆಂಗಿನಕಾಯಿಯ ವಿಷಯ.

ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಮಗಳು ನಿಧಿ ಸಿಂಗಾಪುರದಿಂದ ಹೊರಡುವ ಹಡಗಿನ ಪ್ರವಾಸವೊಂದನ್ನು ನಮ್ಮನ್ನು ಕೇಳದೆಯೇ ಗೊತ್ತುಮಾಡಿಬಿಟ್ಟಳು. ಕೇಳಿದ್ದರೆ ನಾವು ಬೇಡ ಎನ್ನುತ್ತಿದ್ದೆವು ಎಂದು ಅವಳಿಗೆ ಗೊತ್ತಿತ್ತು. ಹಡಗು ಒಂದು ದಿನ ಲಂಕಾವಿಯಲ್ಲಿ ನಿಲ್ಲುತ್ತದೆ, ಬೆಳಿಗ್ಗೆ ಒಂಬತ್ತಕ್ಕೆ ಇಳಿದರೆ ಸಂಜೆ ನಾಲ್ಕೂವರೆಯೊಳಗೆ ಮತ್ತೆ ಹತ್ತಬೇಕು, ತಡವಾದರೆ ಹಡಗು ಕಾಯುವುದಿಲ್ಲ ಎಂದಳು. ತಡವಾದರೆ ಎನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಇವರು ಪೆನ್ನು ತೆಗೆದರು.

ಬೋಪಾಲ್, ಒಂಬತ್ತನೇ ಮಹಡಿ

ನಿಧಿ ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ ಬಾಡಿಗೆಗಿದ್ದಾಳೆ. ಕಂಪನಿಯೊಂದರಲ್ಲಿ ಕೆಲಸ. ಭಾನುವಾರ ಕಾರ್ಖಾನೆಗಳಿಗೆ ರಜೆ, ಮಧ್ಯಾಹ್ನದ ಮೇಲೆ ನಮ್ಮ ಹೋಟೆಲಿಗೂ ಬಾಗಿಲು ಹಾಕುತ್ತೇವೆ. ಹಾಗಾಗಿ ಯೋಜನಾ ಸಭೆ ಅವಳ ಫ್ಲಾಟಿನಲ್ಲಿ ಸೇರಿತು. ಸೂರತ್ತಿನಿಂದ ನನ್ನ ಮೈದುನ ಸುಧಾಕರನೂ ರೈಲು ಹತ್ತಿ ಬಂದ. ಅವನದೂ ಅಲ್ಲೊಂದು ಹೋಟೆಲ್. ಪ್ರವಾಸಕ್ಕೆ ಅವನೂ ಬರುವುದೆಂದು ನಿಶ್ಚಯವಾಗಿತ್ತು, ಅವನ ಹೆಂಡತಿ ಬರುವುದಿಲ್ಲ ಎಂದೂ ನಿಶ್ಚಯವಾಗಿತ್ತು.

"ಇಬ್ಬರೂ ಬಂದ್ರೆ ಹೋಟೆಲ್ ಯಾರು ನೋಡೂದು ಅತ್ತಿಗೆ?" ಎಂದ. ಪ್ರಶ್ನೆ ಬಹಳ ಸರಿಯಾಗಿತ್ತು. ಅವನು ಉಳಿದು ಅವಳು ಬರಬಹುದಲ್ಲ ಎನ್ನುವುದು ಮಾತ್ರ ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಇವರು ಪಟ್ಟಿ ಓದಿದರು. ಹದ್ದಿನ ಪ್ರತಿಮೆ, ಹನ್ನೆರಡು ನಿಮಿಷ. ಕೇಬಲ್ ಕಾರು, ಮೂವತ್ತಾರು. ಜಲಪಾತ, ಇಪ್ಪತ್ತನಾಲ್ಕು. ಎಲ್ಲವೂ ಹನ್ನೆರಡರ ಮಗ್ಗಿಯಲ್ಲೇ ಇರುವುದನ್ನು ನೋಡಿ ಯಾಕೆಂದು ಕೇಳಿದೆ. ಹನ್ನೆರಡು ನಿಮಿಷವೆಂದರೆ ಒಂದು ಅಟ್ಟ, ಅಂದರೆ ಒಂದು ಪಾತ್ರೆ ಇಡ್ಲಿ ಬೇಯುವ ಹೊತ್ತು. ಇವರಿಗೆ ಅದು ಕೈಗೆ ಕೂತ ಅಳತೆ. ಮಲೇಶಿಯಾದ ಪರ್ವತವೂ ಮೂರು ಅಟ್ಟ ಇಡ್ಲಿಯೊಳಗೆ ಮುಗಿಯಬೇಕು.

"ಅಮ್ಮ, ನಿಂಗೆ ಏನು ಬೇಕು?" ನಿಧಿ ಕೇಳಿದಳು. ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ನಾನು ಹುಟ್ಟಿದ್ದು ಕಾಪು ಹತ್ತಿರದ ಕಡಲ ಕರೆಯಲ್ಲಿ, ದಂಡೆಯ ಮೇಲೆಯೇ. ಮನೆಯೊಳಗೆ ಕೂತರೂ ಅಲೆಯ ಸದ್ದು ಕೇಳುತ್ತಿತ್ತು. ಮದುವೆಯಾಗಿ ವಡೋದರಾಕ್ಕೆ ಬಂದ ಮೇಲೆ ಊರಿಗೆ ಹೋದದ್ದೆಲ್ಲ ಮದುವೆ, ಮುಂಜಿ, ತಿಥಿಗಳಿಗೆ. ಹೋದ ಕೆಲಸ ಮುಗಿದರೆ ಮರುದಿನದ ರೈಲು. ಸಮುದ್ರವನ್ನು ಬಸ್ಸಿನ ಕಿಟಕಿಯಿಂದ ಕಂಡದ್ದೇ ಲಾಭ. ಹಾಗಾಗಿ ಇವರ ಕಡೆ ತಿರುಗಿ ಬಾಯಿಬಿಟ್ಟು ಹೇಳಿದೆ: ಒಂದು ಗಂಟೆ, ಬರೇ ಒಂದು ಗಂಟೆ, ಕಡಲಿನ ಎದುರು ಸುಮ್ಮನೆ ಕೂತುಕೊಳ್ಳಬೇಕು, ನಿಮ್ಮ ಜೊತೆ. ಯಾರಿಗೂ ಏನೂ ಬಡಿಸಬಾರದು.

"ಅದೆಂತ ದೊಡ್ಡ ವಿಷಯ ಮಾರಾಯ್ತಿ," ಎಂದು ಇವರು ಹತ್ತನೆಯದಾಗಿ ಬರೆದುಕೊಂಡರು. ಬೀಚ್, ಅರುವತ್ತು ನಿಮಿಷ. ಕೊನೆಯಲ್ಲಿಯೇ ಇರಬೇಕು, ಮೊದಲೇ ಹೋದರೆ ಕಾರಿನೊಳಗೆಲ್ಲ ಮರಳು.

ನಂತರ ಸುಧಾಕರ ಫೋನಿನಲ್ಲಿ ಅಕ್ಕಿಯ ಮ್ಯೂಸಿಯಂ ಎನ್ನುವುದನ್ನು ಕಂಡುಹಿಡಿದ. ಭತ್ತದ ಗದ್ದೆ, ಕುಟ್ಟುವ ಒನಕೆ, ಬುಟ್ಟಿಗಳು. ತಿಂಗಳಿಗೆ ಎಷ್ಟು ಮೂಟೆ ಅಕ್ಕಿ ನೋಡುತ್ತೇವೆಂದು ಲೆಕ್ಕವಿಡದ ಇಬ್ಬರು ಅಣ್ಣತಮ್ಮಂದಿರು ಅಕ್ಕಿ ನೋಡಲು ಉತ್ಸುಕರಾದರು. ಅದಕ್ಕೆ ಇಪ್ಪತ್ತನಾಲ್ಕು ನಿಮಿಷ ಬೇಕಾಯಿತು. ಬೀಚ್ ಮೂವತ್ತಾರಕ್ಕೆ ಇಳಿಯಿತು. ಸೂರತ್ತಿಗೆ ಕೊಂಡೊಯ್ಯಲು ಚಾಕಲೇಟು ಕೊಳ್ಳಬೇಕೆಂದಾಗ ಇಪ್ಪತ್ತನಾಲ್ಕು. ಸಭೆ ಮುಗಿಯುವಾಗ ಬೀಚಿನ ಎದುರಿದ್ದ ಅಂಕಿಯನ್ನು ಹೊಡೆದುಹಾಕಿ ‘ಸಮಯ ಇದ್ದರೆ’ ಎಂದು ಬರೆಯಲಾಗಿತ್ತು. ನನಗೆ ಕೋಪ ಬಂತು. ಆದರೆ ಅಷ್ಟರಲ್ಲಿ ಎಲ್ಲರಿಗೂ ಚಹಾ ಬೇಕೆನಿಸಿತು, ನಾನು ಎದ್ದು ಒಳಗೆ ಹೋದೆ.

ರಿಂಗ್ ರೋಡ್

ಹೊಸ ಅಡುಗೆಯವನನ್ನು ನೇರವಾಗಿ ಒಲೆಯೆದುರು ನಿಲ್ಲಿಸುವುದು ಇವರ ಕ್ರಮವಲ್ಲ. ಮೊದಲು ಟ್ರಯಲ್. ಪ್ರವಾಸಕ್ಕೂ ಟ್ರಯಲ್ ಬೇಕೆಂದು ಮುಂದಿನ ಭಾನುವಾರ ಅಹಮದಾಬಾದಿನಲ್ಲಿಯೇ ಒಂದು ಬಾಡಿಗೆ ಕಾರು ತರಿಸಿದರು. ವಿದೇಶದಲ್ಲಿ ಓಡಿಸುವ ಪರವಾನಗಿ ಮಾಡಿಸಿಕೊಂಡಿದ್ದವಳು ನಿಧಿಯೊಬ್ಬಳೇ, ಅವಳೇ ಸಾರಥಿ. ಮುಂದೆ ಅಪ್ಪ, ಕೈಯಲ್ಲಿ ಪಟ್ಟಿ. ಹಿಂದೆ ಸುಧಾಕರ, ಕೈಯಲ್ಲಿ ಫೋನು ಸಿಕ್ಕಿಸಿದ ಕೋಲು. ಅವನ ಪಕ್ಕ ನಾನು, ಮಡಿಲಲ್ಲಿ ಮೆಂತ್ಯದ ರೊಟ್ಟಿ ಥೇಪ್ಲಾದ ಡಬ್ಬಿ.

ರಿಂಗ್ ರೋಡಿನ ಮೇಲೆ ಕಾಲ್ಪನಿಕ ಹದ್ದು, ಕಾಲ್ಪನಿಕ ಜಲಪಾತಗಳ ಎದುರು ಕಾರು ನಿಲ್ಲುವುದು, ನಾವು ಇಳಿಯುವುದು, ಫೋಟೊ ತೆಗೆಯುವುದು, ಹತ್ತುವುದು. ಜಲಪಾತವೆಂದು ನಾವು ಇಳಿದದ್ದು ಪಂಚರ್ ಹಾಕುವ ಅಂಗಡಿಯ ಎದುರು. ಅಂಗಡಿಯವರು ಟೈರು ಮುಟ್ಟಿ ನೋಡಿ ಗಾಳಿ ಸರಿಯಿದೆಯಲ್ಲ ಎಂದರು. ನಾಲ್ಕನೇ ನಿಲುಗಡೆಯಲ್ಲಿ ಸುಧಾಕರನಿಗೆ ಸೂರತ್ತಿನ ಪರಿಚಯದವರೊಬ್ಬರು ಸಿಕ್ಕಿ, ಕೇಮ್ ಛೋ, ಮಜಾಮಾ ಎಂದು ಶುರುವಾದ ಕುಶಲೋಪರಿ ಚಹಾದವರೆಗೆ ಹೋಯಿತು.

"ಪಪ್ಪಾ, ಅಲ್ಲಿ ಕಾಕಾಗೆ ಯಾರೂ ಪಹಚಾನ್ ಇರಲ್ಲ, ಚಿಂತಾ ಬೇಡ," ಎಂದಳು ನಿಧಿ. ಅವಳ ಕನ್ನಡ ಹೀಗೆಯೇ, ನಾಲ್ಕು ಊರಿನ ನೀರು ಕುಡಿದದ್ದು. ಟ್ರಯಲ್ ಅರ್ಧಕ್ಕೇ ನಿಂತಿತು. ಪಟ್ಟಿಯನ್ನು ಮಾತ್ರ ಇವರು ಲ್ಯಾಮಿನೇಟ್ ಮಾಡಿಸಿಕೊಂಡು ಬಂದರು.

ಹಡಗು

ಹಡಗು ಹತ್ತಿದರೆ ಅರ್ಧ ಗುಜರಾತ್ ಮೊದಲೇ ಹತ್ತಿ ಕೂತಿತ್ತು. ಊಟದ ಮೇಜಿನ ಮೇಲೆ ನಾಲ್ಕು ಖಂಡಗಳ ಅಡುಗೆ ಹರಡಿದ್ದರೂ ಪ್ರತಿಯೊಬ್ಬರ ಚೀಲದಿಂದಲೂ ಗರಿಗರಿ ಖಾಖ್ರಾ ರೊಟ್ಟಿ, ಮಾವಿನಕಾಯಿಯ ಸಿಹಿ ಛುಂದೋ ಹೊರಗೆ ಬರುತ್ತಿದ್ದವು. ನಗಲು ನನಗೇನೂ ಹಕ್ಕಿಲ್ಲ. ನಮ್ಮ ಚೀಲದಲ್ಲಿ ಚಟ್ನಿಪುಡಿ ಮತ್ತು ಅವಲಕ್ಕಿಯೂ ಇದ್ದವು.

ಬೆಳಗಿನ ತಿಂಡಿಗೆ ಇಡ್ಲಿ ಎಂದು ಬರೆದಿತ್ತು. ಇವರು ಒಂದನ್ನು ಮುರಿದು ಮೂಗಿನ ಹತ್ತಿರ ಹಿಡಿದು, ಹಿಟ್ಟು ಹುದುಗಿಲ್ಲವೆಂದು ತೀರ್ಪು ಕೊಟ್ಟು, ಹೇಳಿ ಬರುತ್ತೇನೆಂದು ಎದ್ದರು. ಯಾವ ಹೋಟೆಲಿಗೆ ಹೋದರೂ ಅಡುಗೆಮನೆ ನೋಡದೆ ಇವರಿಗೆ ಊಟ ಇಳಿಯುವುದಿಲ್ಲ. ವಡೋದರಾದಲ್ಲಿ ಎಲ್ಲ ಹೋಟೆಲಿನವರೂ ಪರಿಚಯ, ಯಾರೂ ತಡೆಯುವುದಿಲ್ಲ. ಹಡಗಿನಲ್ಲಿ ಬಿಳಿ ಕೈಗವಸಿನ ಒಬ್ಬ ಮಹಾಶಯರು ಬಾಗಿಲಲ್ಲಿ ನಿಂತು, ಬಹಳ ನಗುನಗುತ್ತಾ, ಇವರನ್ನು ವಾಪಸು ಕಳಿಸಿದರು. ಎರಡು ದಿನ ಇವರು ಅಡುಗೆಮನೆಯ ಮುಖ ಕಾಣಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಡೆಕ್ಕಿನ ಮೇಲೆ ಓಡಾಡುತ್ತಿದ್ದರು.

ಹಡಗುಕಟ್ಟೆ

ಲಂಕಾವಿಯಲ್ಲಿ ಇಳಿದದ್ದು ಒಂಬತ್ತು ಗಂಟೆ ಎರಡು ನಿಮಿಷಕ್ಕೆ. ಬಾಡಿಗೆ ಕಾರಿನ ಕಂಪನಿಯಿಂದ ತಲೆವಸ್ತ್ರ ತೊಟ್ಟ ಒಬ್ಬ ಮಹಿಳೆ ನಗುತ್ತಾ ಬಂದು ನಿಧಿಯ ಪರವಾನಗಿ ನೋಡಿ, ಸಹಿ ಹಾಕಿಸಿಕೊಂಡು, ಕೀಲಿ ಕೊಟ್ಟು ಹೋಗಿಬಿಟ್ಟರು. ಇಷ್ಟು ಸಲೀಸಾದದ್ದು ಇವರಿಗೆ ಸಂಶಯ ತಂದಿತು. ಕಾರಿನ ಸುತ್ತ ಬಂದು ಗೀರುಗಳ ಫೋಟೊ ತೆಗೆದರು, ಬಂಪರನ್ನು ಸಂತೆಯಲ್ಲಿ ತೆಂಗಿನಕಾಯಿ ಬಡಿದು ನೋಡುವ ಹಾಗೆ ಬಡಿದು ಕಿವಿಗೊಟ್ಟರು. ನಾಲ್ಕು ಬಾಗಿಲು, ಡಿಕ್ಕಿ, ಚಾವಣಿ ಎಲ್ಲ ಪರೀಕ್ಷೆಯಾಯಿತು. ಒಂಬತ್ತೂಮುಕ್ಕಾಲಾಯಿತು. ನೋಡದೆ ಬಿಟ್ಟದ್ದು ಪೆಟ್ರೋಲಿನ ಮುಳ್ಳು ಒಂದನ್ನೇ.

ಎರಡು ಕಿಲೋಮೀಟರಿಗೆ ಕೆಂಪು ದೀಪ ಹೊತ್ತಿತು. ಏಸಿ ಬಂದ್ ಮಾಡಿ, ಕಿಟಕಿ ಇಳಿಸಿ, ಎಲ್ಲರೂ ಉಸಿರು ಹಿಡಿದು ಕೂತೆವು, ಉಸಿರಾಡಿದರೆ ಪೆಟ್ರೋಲ್ ಖರ್ಚಾಗುತ್ತದೆ ಎನ್ನುವಂತೆ. ರಸ್ತೆಗೆ ಅಡ್ಡವಾಗಿ ಎಮ್ಮೆಗಳು ಬಂದವು. ನಮ್ಮ ಮಕರಪುರದಲ್ಲಿ ದನ ಅಡ್ಡ ಬಂದರೆ ಹಾರ್ನು, ಬೈಗುಳ, ಮತ್ತೆ ಹಾರ್ನು. ಇಲ್ಲಿ ಹತ್ತು ಕಾರುಗಳು ತುಟಿಪಿಟಕ್ಕೆನ್ನದೆ ಸಾಲಾಗಿ ನಿಂತಿದ್ದವು. ಇವರು ನಿಧಿಯ ಕೈಯ ಮೇಲಿಂದ ಬಾಗಿ ಹಾರ್ನು ಒತ್ತಿದರು. ಎಮ್ಮೆಗಳು ಕದಲಲಿಲ್ಲ. ಹತ್ತು ಕಾರುಗಳವರೂ ತಲೆ ಹೊರಗೆ ಹಾಕಿ, ಪಾಪ, ಯಾರಿಗೋ ಆಸ್ಪತ್ರೆಗೆ ಹೋಗಬೇಕಾಗಿದೆ ಎನ್ನುವ ಕಳವಳದಿಂದ ನಮ್ಮನ್ನು ನೋಡಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಕಾದೆವು. ಯಾರೂ ಬರಲಿಲ್ಲ. "ಎಂತ ಸೋಮಾರಿಗಳಪ್ಪ," ಎಂದು ಸುಧಾಕರ ವೀಡಿಯೊದಲ್ಲಿ ಹೇಳುತ್ತಿದ್ದ. ಹತ್ತು ನಿಮಿಷದ ಮೇಲೆ ಒಬ್ಬ ಅಜ್ಜ ಬಂದು, ಇಲ್ಲಿ ಮೊದಲು ಒಳಗೆ ದುಡ್ಡು ಕೊಟ್ಟು ಬರಬೇಕು, ಆಮೇಲೆ ನಾವೇ ತುಂಬಿಕೊಳ್ಳಬೇಕು ಎಂದು ಕೈಸನ್ನೆಯಲ್ಲಿ ತೋರಿಸಿಕೊಟ್ಟರು. ಸುಧಾಕರ ಆ ತುಣುಕನ್ನು ಅಳಿಸಿದ.

ಹದ್ದು, ಮತ್ತು ದೂರದಿಂದ ಕಂಡ ಬೆಟ್ಟ

ಹದ್ದು ದೊಡ್ಡದಾಗಿದೆ. ಹನ್ನೆರಡು ನಿಮಿಷ ನೋಡಬಹುದು. ಸುಧಾಕರ ಅದನ್ನು ಅಂಗೈ ಮೇಲೆ ಕೂರಿಸಿಕೊಂಡಂತೆ ಫೋಟೊ ಬರಬೇಕೆಂದು ಹಟ ಹಿಡಿದದ್ದರಿಂದ ನಲವತ್ತು ನಿಮಿಷ ನೋಡಿದೆವು. ಅಲ್ಲಿಂದ ದ್ವೀಪದ ಇನ್ನೊಂದು ತುದಿಗೆ ಹೋದರೆ ಕೇಬಲ್ ಕಾರಿಗೆ ಎರಡು ಗಂಟೆಯ ಸಾಲು. ಇವರು ಪಾರ್ಕಿಂಗಿನಲ್ಲಿ ನಿಂತು ಕತ್ತು ಮೇಲೆತ್ತಿ, "ಕಾಣ್ತದಲ್ಲ, ಅದೇ ಬೆಟ್ಟ," ಎಂದು ಪಟ್ಟಿಯಲ್ಲಿ ಸರಿ ಗುರುತು ಹಾಕಿದರು. ಜಲಪಾತಕ್ಕೆ ಹೋಗುವ ದಾರಿಯ ಫಲಕ ಕಂಡಿತು. ಅದಕ್ಕೂ ಸರಿ ಗುರುತು ಬಿತ್ತು.

ನಾನು ಹಿಂದಿನ ಸೀಟಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಸಮಯ ಇದ್ದರೆ. ಹೀಗೆ ಗುರುತು ಹಾಕುತ್ತಾ ಹೋದರೆ ಸಮಯ ಉಳಿಯಬಹುದು. ಮಧ್ಯಾಹ್ನ ಒಂದೂಕಾಲಕ್ಕೆ ಊಟಕ್ಕೆ ನಿಂತಾಗ ಬೀಚು ಅಲ್ಲಿಂದ ಹತ್ತೇ ನಿಮಿಷದ ದಾರಿ ಎಂದಳು ನಿಧಿ. ನನಗೆ ಆಸೆ ಚಿಗುರಿತು.

ದೋಸೆ ಅಂಗಡಿ

ಅದೊಂದು ತಮಿಳು ದಂಪತಿಯ ಅಂಗಡಿ. ಗಂಡ ಕಾವಲಿಯ ಮುಂದೆ, ಹೆಂಡತಿ ಬಡಿಸಲು. ಏಳೆಂಟು ಮೇಜು. ಇವರು ಕೂತಲ್ಲಿಂದಲೇ ಕತ್ತು ಚಾಚಿ ಅಡುಗೆಮನೆಯನ್ನು ನೋಡುತ್ತಿದ್ದರು. ದೋಸೆ ಬಂತು, ತಿಂದೆವು, ಎಲ್ಲ ಸರಿಯಾಗಿಯೇ ಮುಗಿಯುತ್ತಿತ್ತು. ಅಷ್ಟರಲ್ಲಿ ಹೊರಗೆ ಒಂದು ಬಸ್ಸು ನಿಂತಿತು. ನಮ್ಮ ಹಡಗಿನದೇ ನಲವತ್ತು ಜನ ಗುಜರಾತಿಗಳು ಇಳಿದರು.

"ಜೈನ್ ಮಳಶೆ? ಕಾಂದಾ-ಲಸಣ್ ವಗರ್?" ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಸಿಗುತ್ತದೆಯೇ ಎಂದು ನಲವತ್ತು ಬಾಯಿಗಳು ಒಟ್ಟಿಗೆ ಕೇಳಿದವು. ಆ ತಾಯಿ ಕೈಯಲ್ಲಿ ನೀರಿನ ಲೋಟ ಹಿಡಿದು ಸುಮ್ಮನೆ ನಿಂತುಬಿಟ್ಟರು. ಒಂದಕ್ಷರ ಅರ್ಥವಾಗಿರಲಿಲ್ಲ.

ನನ್ನ ಪಕ್ಕದ ಕುರ್ಚಿ ಖಾಲಿಯಾದದ್ದು ನನಗೆ ಗೊತ್ತಾಗಲೇ ಇಲ್ಲ. ತಲೆಯೆತ್ತಿ ನೋಡುವಾಗ ಇವರು ಬಾಗಿಲಲ್ಲಿ ನಿಂತು, "ಆವೋ ಆವೋ, ಬೇಸೋ, ಬದ್ಧು ಮಳಶೆ," ಎನ್ನುತ್ತಿದ್ದರು. ಬನ್ನಿ, ಕೂರಿ, ಎಲ್ಲ ಸಿಗುತ್ತದೆ. ಇಪ್ಪತ್ತೈದು ವರ್ಷಗಳ ಅಭ್ಯಾಸ. ಗಿರಾಕಿ ನಿಂತಿರುವುದನ್ನು ಕಂಡರೆ ಇವರ ಕಾಲು ಇವರನ್ನು ಕೇಳದೆ ಹೊರಡುತ್ತದೆ. ಗುಂಪಿನಲ್ಲಿದ್ದ ಒಬ್ಬರು, "ಅರೆ, ಮಕರಪುರಾವಾಳಾ ಶೇಟ್! ಇಲ್ಲೂ ಬ್ರಾಂಚ್ ಹಾಕಿದ್ದೀರಾ?" ಎಂದು ಗುಜರಾತಿಯಲ್ಲಿ ಕೂಗಿದರು. ಅಲ್ಲಿಗೆ ಮುಗಿಯಿತು. ಶರ್ಟಿನ ತೋಳು ಮೇಲೇರಿತು.

ತಮಿಳು ದಂಪತಿಗೆ ಮೊದಲು ಗಾಬರಿ, ಆಮೇಲೆ ದೇವರೇ ಬಂದಷ್ಟು ಸಮಾಧಾನ. ಇವರು ಒಳಗೆ ಹೋಗಿ ಬೆಳ್ಳುಳ್ಳಿ ಹಾಕದ ಸಾಂಬಾರಿಗೆ ಬೇರೆ ಪಾತ್ರೆ ಇಟ್ಟರು. ಎರಡು ದಿನಗಳಲ್ಲಿ ಮೊದಲ ಬಾರಿಗೆ ಇವರ ಮುಖದಲ್ಲಿ ಕಳೆ ಬಂದಿತ್ತು. ಸುಧಾಕರ ಮೇಜಿನಿಂದ ಮೇಜಿಗೆ ಆರ್ಡರು ಕೂಗುತ್ತಿದ್ದ. ನಾನು ಇವರನ್ನು ಎಳೆದು ತರಲೆಂದೇ ಒಳಗೆ ಹೋದೆ. ಹೋದವಳು ಚಟ್ನಿ ನೋಡಿದೆ. ನೀರಾಗಿತ್ತು. ಒಂದಿಷ್ಟು ಹುರಿಗಡಲೆ ಹಾಕಿದರೆ ಸರಿಹೋಗುತ್ತದೆ ಎನಿಸಿತು. ಮಿಕ್ಸಿ ಎದುರೇ ಇತ್ತು.

ಎಷ್ಟು ಹೊತ್ತು ಕಾಯಿ ರುಬ್ಬಿದೆನೋ, ಗೋಡೆಯ ಗಡಿಯಾರ ಕಣ್ಣಿಗೆ ಬಿದ್ದಾಗ ಎರಡು ಗಂಟೆ ಐದು ನಿಮಿಷ. ನನ್ನ ಕೈ ನನಗೇ ಹೇಸಿಗೆ ಎನಿಸಿತು. ತೊಳೆದುಕೊಂಡೆ.

"ಇವತ್ತು ನಮಗೆ ರಜೆ. ನೆನಪುಂಟಾ?" ಎಂದೆ.

"ನಲವತ್ತು ಜನ ಕೂತಿದ್ದಾರೆ ಮಾರಾಯ್ತಿ. ಕೂತವರನ್ನು ಎಬ್ಬಿಸ್ಲಿಕ್ಕೆ ಆಗ್ತದಾ?"

"ಇಪ್ಪತ್ತೈದು ವರ್ಷದಿಂದ ನಾನು ನಿಂತಿದ್ದೇನೆ. ನನ್ನನ್ನು ಒಂದು ಗಂಟೆ ಕೂರಿಸ್ಲಿಕ್ಕೆ ನಿಮ್ಮಿಂದ ಆಗ್ತದಾ?"

ಇವರು ಸೌಟು ಹಿಡಿದು ನಿಂತರು. ಕಾವಲಿಯ ಮೇಲೆ ಎರಡು ದೋಸೆ ಕಾಯುತ್ತಿದ್ದವು, ಇವರ ಕಣ್ಣು ಒಮ್ಮೆ ನನ್ನ ಕಡೆ, ಒಮ್ಮೆ ದೋಸೆಯ ಕಡೆ. ಕೊನೆಗೆ ದೋಸೆ ಮಗುಚಿದರು. ನಾನು ಹೊರಗೆ ಬಂದು, ನನ್ನನ್ನು ಬೀಚಿಗೆ ಬಿಡು ಎಂದು ನಿಧಿಗೆ ಹೇಳಿದೆ. ಅವಳು ಕೂಡಲೇ ಕೀಲಿ ತೆಗೆದುಕೊಂಡಳು.

"ಅತ್ತಿಗೆ, ಇನ್ನೂ ಎಂಟು ಜಾಗ ಉಂಟು!" ಎಂದು ಸುಧಾಕರ ಹಿಂದಿನಿಂದ ಕೂಗಿದ.

ಕಡಲು

ಮಗಳು ನನ್ನನ್ನು ಇಳಿಸಿ, ಅವರನ್ನು ಕರೆತರುತ್ತೇನೆಂದು ವಾಪಸು ಹೋದಳು. ಮರಳಿನ ಮೇಲೆ ಕೊಡೆ ಬಿಚ್ಚಿ ಕೂತೆ. ಎದುರಿಗೆ ಕಡಲು. ಇಪ್ಪತ್ತೈದು ವರ್ಷ ಕಾದದ್ದು ಇದಕ್ಕೇ ತಾನೇ ಎಂದುಕೊಂಡೆ. ಐದು ನಿಮಿಷ ಚೆನ್ನಾಗಿತ್ತು.

ಆರನೇ ನಿಮಿಷಕ್ಕೆ ಸೊಂಟ ನೋಯಿತು. ಎಂಟನೇ ನಿಮಿಷಕ್ಕೆ ಹುರಿಗಡಲೆ ಸಾಕಾಯಿತೋ ಇಲ್ಲವೋ ಎನಿಸಿತು. ಪಕ್ಕದಲ್ಲಿ ಒಬ್ಬ ಬಿಳಿಯ ಹೆಂಗಸು ಪುಸ್ತಕ ಮುಖದ ಮೇಲೆ ಕವುಚಿಕೊಂಡು ಅಲುಗಾಡದೆ ಮಲಗಿದ್ದಳು. ಆ ವಿದ್ಯೆ ನನಗೆ ಬರುತ್ತಿರಲಿಲ್ಲ. ಊರಿನ ಕಡಲು ನೆನಪು ಮಾಡಿಕೊಳ್ಳಲು ನೋಡಿದೆ. ನೋಡಿದರೆ, ನಾನು ಊರಿನಲ್ಲಿ ಒಂದು ದಿನವೂ ಹೀಗೆ ಕೂತವಳಲ್ಲ. ಕೂತಿದ್ದರೆ ಅಮ್ಮ ತೆಂಗಿನ ಮಡಲಿನ ಕೊತ್ತಳಿಂಗೆ ಹಿಡಿದು ಹೊಡೆಯಲು ಬರುತ್ತಿದ್ದರು. ಕಡಲಿನ ಎದುರು ಕೂರುವ ಆಸೆಯೆಲ್ಲ ನಾನು ಮಕರಪುರದ ಗ್ರೈಂಡರಿನ ಎದುರು ನಿಂತು ಕಟ್ಟಿಕೊಂಡದ್ದು. ನನಗೆ ಅಳು ಬಂತು. ಕಡಲನ್ನು ನೋಡಿ ಬಂದದ್ದಲ್ಲ, ಒಬ್ಬಳೇ ಕೂತದ್ದಕ್ಕೆ ಬಂದದ್ದು.

ಎರಡು ಐವತ್ತಕ್ಕೆ ಇವರು ಬಂದರು. ಚಪ್ಪಲಿ ಕೈಯಲ್ಲಿ, ಮೈಯೆಲ್ಲ ಇಂಗಿನ ವಾಸನೆ. ನಿಧಿ ಮತ್ತು ಸುಧಾಕರ ಅಲ್ಲೇ ದೂರದಲ್ಲಿ ಕಾರಿನ ಹತ್ತಿರ ನಿಂತರು. ಇವರ ಕೈಯಲ್ಲಿ ಪಟ್ಟಿ ಇರಲಿಲ್ಲ.

"ತಪ್ಪಾಯ್ತು," ಎಂದರು. ಗುಟ್ಟಾಗಿ ಹೇಳಿದಷ್ಟು ಮೆಲ್ಲನೆ. ಆಮೇಲೆ ನನ್ನ ಪಕ್ಕ ಕೂತು, ದೊಡ್ಡ ಉಸಿರು ಬಿಟ್ಟು, "ನಿನ್ನ ಚಟ್ನಿ ಎಲ್ಲರೂ ಎರಡೆರಡು ಸರ್ತಿ ಹಾಕಿಸ್ಕೊಂಡ್ರು, ಗೊತ್ತುಂಟಾ? ಆ ಅಮ್ಮ ಕೇಳಿದ್ರು, ಹುರಿಗಡಲೆ ಎಷ್ಟು..."

ಮಾತು ಅಲ್ಲಿಗೇ ನಿಂತಿತು. ತಿರುಗಿ ನೋಡಿದರೆ ಕಣ್ಣು ಮುಚ್ಚಿತ್ತು. ಕೂತಲ್ಲೇ ವಾಲಿ, ತಲೆ ನನ್ನ ಮಡಿಲಿಗೆ ಬಂತು. ಹಗಲು ಹೊತ್ತು ಇವರು ಮಲಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ರಾತ್ರಿ ನನಗಿಂತ ತಡವಾಗಿ ಮಲಗಿ, ಬೆಳಿಗ್ಗೆ ನನಗಿಂತ ಮೊದಲು ಏಳುವ ಮನುಷ್ಯ. ಬಾಯಿ ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಾರೆಂದು ತಿಳಿದದ್ದೂ ಆಗಲೇ.

ಬಿಸಿಲು ವಾಲಿದಂತೆ ಮುಖದ ಮೇಲೆ ಬೀಳುತ್ತಿತ್ತು. ಕೊಡೆಯನ್ನು ಆ ಕಡೆ ಹಿಡಿದೆ. ಗಲ್ಲದ ಮೇಲೆ ಹಿಟ್ಟಿನ ಒಂದು ಕಲೆ ಒಣಗಿ ಅಂಟಿತ್ತು. ಕಿವಿಯ ಹತ್ತಿರದ ಕೂದಲು ಎಲ್ಲ ಬಿಳಿಯಾಗಿದ್ದವು, ಯಾವಾಗ ಆದವೋ. ಹುಬ್ಬಿನ ಮೇಲೆ ಎಣ್ಣೆ ಸಿಡಿದ ಹಳೆಯ ಗುರುತು. ಅದು ಯಾವ ವರ್ಷದ್ದೆಂದು ನೆನಪು ಮಾಡಿಕೊಳ್ಳುತ್ತಾ ಹೋದೆ.

ಮೂರೂಮುಕ್ಕಾಲಿಗೆ ನಿಧಿ ದೂರದಿಂದ ಕೈ ಬೀಸಿದಳು. ಹೊರಡಬೇಕಾದ ಹೊತ್ತು. ನಾನು ಐದು ಬೆರಳು ತೋರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ವಾಚು ತೋರಿಸಿ ಕುಣಿದಳು. ಮತ್ತೆ ಐದು ಬೆರಳು ತೋರಿಸಿದೆ. ಸುಧಾಕರ ಎರಡು ಕೈಯನ್ನೂ ತಲೆಯ ಮೇಲೆ ಹೊತ್ತುಕೊಂಡು ನಿಂತದ್ದು ಕಾಣುತ್ತಿತ್ತು. ಹಡಗು ಹೋದರೆ ಮುಂದೇನು ಎಂದು ನನಗೂ ಹೆದರಿಕೆಯಿತ್ತು. ಆದರೂ ಎಬ್ಬಿಸಲು ಕೈ ಏಳಲಿಲ್ಲ. ಕೊನೆಗೆ ನಾಲ್ಕು ಗಂಟೆ ಐದು ನಿಮಿಷಕ್ಕೆ ನಿಧಿಯೇ ಓಡಿಬಂದು, "ಪಪ್ಪಾ, ಗಿರಾಕಿ!" ಎಂದಳು. ಇವರು ದಡಕ್ಕನೆ ಎದ್ದು ನಿಂತರು.

ಮತ್ತೆ ಹಡಗು

ನಾಲ್ಕು ಇಪ್ಪತ್ತೇಳಕ್ಕೆ ಹಡಗಿನ ಏಣಿ ಹತ್ತಿದ ಕೊನೆಯ ನಾಲ್ವರು ನಾವು. ಮೇಲಿನ ಕಟಾಂಜನದುದ್ದಕ್ಕೂ ಸಾಲಾಗಿ ನಿಂತಿದ್ದ ಗುಜರಾತಿಗಳು ಚಪ್ಪಾಳೆ ತಟ್ಟಿ, "ಮಕರಪುರಾವಾಳಾ ಶೇಟ್!" ಎಂದು ಕೂಗಿದರು. ಸುಧಾಕರ ಅವರತ್ತ ಕೈಬೀಸಿದ.

ಹಡಗು ಕದಲಿದ ಮೇಲೆ ಎಲ್ಲರೂ ತಮ್ಮ ತಮ್ಮ ಕೋಣೆಗಳಿಗೆ ಹೋದರು. ನಾವಿಬ್ಬರೇ ಡೆಕ್ಕಿನ ಮೇಲೆ ಉಳಿದೆವು. ದ್ವೀಪ ಸಣ್ಣದಾಗುತ್ತಿತ್ತು. ಇವರಿಗೆ ಏನೋ ಕೇಳಬೇಕೆಂದಿದೆ, ಕೇಳಲು ನಾಚಿಕೆ. ಕೆನ್ನೆಯ ಒಂದು ಬದಿಯಲ್ಲಿ ನನ್ನ ಸೀರೆಯ ಅಂಚಿನ ಅಚ್ಚು ಹಾಗೆಯೇ ಇತ್ತು.

"ಅಲ್ಲ, ನಾನು ಪೂರಾ ನಿದ್ದೆ ಮಾಡಿಬಿಟ್ಟೆ," ಎಂದರು. "ಕಡಲು ಹೇಗಿತ್ತು? ನಾನು ನೋಡ್ಲೇ ಇಲ್ಲ."

"ನಾನೂ ನೋಡ್ಲಿಲ್ಲ," ಎಂದೆ.